ಸಹಾಯ ಬೇಕು: ವಿಧಾನಸಭೆ ಚುನಾವಣಾ ವೆಚ್ಚದ ಲೆಕ್ಕ, ಎರವಲು ವಾಹನದ ನಮೂದು

ಪಕ್ಷೇತರ ಅಭ್ಯರ್ಥಿಯೊಬ್ಬರ ವೆಚ್ಚದ ಲೆಕ್ಕ ಅಂತಿಮಗೊಳಿಸುತ್ತಿದ್ದೇವೆ. ಏಜೆಂಟರಾಗಿ ಕೆಲಸ ಮಾಡಿದವರು, ಲೆಕ್ಕಪರಿಶೋಧಕರು ದಯವಿಟ್ಟು ನೋಡಿ.

ಬಿಳಿ ಹಾಳೆಯ ದಿನವಹಿ ಲೆಕ್ಕ, ಗುಲಾಬಿ ಹಾಳೆಯ ನಗದು ವಹಿ, ಹಳದಿ ಹಾಳೆಯ ಬ್ಯಾಂಕ್ ವಹಿ ಮೂರೂ ತಾಳೆಯಾಗಿವೆ. ಚುನಾವಣೆಗೆಂದೇ ತೆರೆದ ಖಾತೆಯ ಸ್ಟೇಟ್‌ಮೆಂಟ್ ಇದೆ. ನಾಮಪತ್ರಕ್ಕೂ ಮೊದಲೇ ಮುದ್ರಿಸಿ ಪ್ರಚಾರದಲ್ಲಿ ಹಂಚಿದ ಕರಪತ್ರಗಳ ಖರ್ಚನ್ನೂ ಸೇರಿಸಿದ್ದೇವೆ. ಬಹಳ ಜನ ಬಿಡುವುದು ಇದನ್ನೇ.

ತೊಡಕು ಇರುವುದು ವಾಹನದಲ್ಲಿ. ಬೆಂಬಲಿಗರೊಬ್ಬರು ಜೀಪನ್ನು ಬಾಡಿಗೆಯಿಲ್ಲದೆ ಕೊಟ್ಟಿದ್ದರು. ಡೀಸೆಲ್, ಚಾಲಕನ ಬತ್ತೆಗೆ ವೋಚರ್ ಇದೆ, ಬಾಡಿಗೆಗೆ ಇಲ್ಲ. ಜಿಲ್ಲಾ ದರಪಟ್ಟಿಯ (ಪ್ರಚಾರ ಸಾಮಗ್ರಿ, ವಾಹನಗಳಿಗೆ ಜಿಲ್ಲಾ ಚುನಾವಣಾಧಿಕಾರಿ ನಿಗದಿಪಡಿಸುವ ದರಗಳು) ದಿನಬಾಡಿಗೆ ಹಿಡಿದು ವಸ್ತುರೂಪದ ದೇಣಿಗೆ ಎಂದು ತೋರಿಸಿ, ಅಷ್ಟನ್ನೇ ಖರ್ಚಿಗೂ ಬರೆದಿದ್ದೇವೆ. ಆದರೆ ದರಪಟ್ಟಿಯ ಬಾಡಿಗೆಯಲ್ಲಿ ಡೀಸೆಲ್ ಕೂಡ ಸೇರಿದ್ದರೆ ಒಂದೇ ಖರ್ಚು ಎರಡು ಸಲ ಬಿದ್ದಂತೆ. ವೆಚ್ಚ ವೀಕ್ಷಕರ ತಂಡ ನಮ್ಮ ಖರ್ಚನ್ನು ತಾನೇ ಗಮನಿಸಿ ಪ್ರತ್ಯೇಕವಾಗಿ ಬರೆದಿಡುವ ನೆರಳು ವಹಿಯಲ್ಲಿರುವುದು ಬಾಡಿಗೆ ಮಾತ್ರ. ವ್ಯತ್ಯಾಸವನ್ನು ನೀವು ಹೇಗೆ ವಿವರಿಸಿದ್ದೀರಿ? ಮಾಲೀಕರ ಒಪ್ಪಿಗೆ ಪತ್ರದ ಜೊತೆ ಆರ್‌ಸಿ, ವಾಹನ ಪರವಾನಗಿಯ ಪ್ರತಿ ಇಟ್ಟರೆ ಸಾಕೇ?

40 ಲಕ್ಷದ ಮಿತಿಗೆ ನಾವು ಹತ್ತಿರವೂ ಇಲ್ಲ. ಭಯ ಬೇರೆಯದು: ಫಲಿತಾಂಶ ಬಂದ 30 ದಿನದೊಳಗೆ ಸರಿಯಾದ ಕ್ರಮದಲ್ಲಿ ಲೆಕ್ಕ ಕೊಡದಿದ್ದರೆ, ಸಕಾರಣವಿಲ್ಲದಿದ್ದರೆ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 10ಎ ಕಲಂ ಪ್ರಕಾರ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಸೋತವರಿಗೂ ಇದು ಅನ್ವಯ.

ಇಂಥ ನಮೂದಿರುವ ಭರ್ತಿಯಾದ ಸಾರಾಂಶ ಪಟ್ಟಿ ಇದ್ದರೆ, ಹೆಸರು ಮರೆಮಾಡಿ ಫೋಟೋ ಹಾಕಿ.