ಸಹಾಯ ಬೇಕು: ದಾವಣಗೆರೆಯಲ್ಲಿ ಟಿಪಿಎಚ್‌ಎ ಪರೀಕ್ಷೆ

ಗುಂಪಿನ ಹಿರಿಯರಿಗೂ ವೈದ್ಯ ಮಿತ್ರರಿಗೂ ನಮಸ್ಕಾರ. ಕಳೆದ ತಿಂಗಳು ರಕ್ತದಾನ ಮಾಡಿದ ಬಳಿಕ ರಕ್ತನಿಧಿಯವರು ಕರೆದು, ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕಾಗಿ ಮಾಡಿದ ವಿಡಿಆರ್‌ಎಲ್ ರಕ್ತಪರೀಕ್ಷೆ ರಿಯಾಕ್ಟಿವ್ (ಸೋಂಕಿರಬಹುದೆಂಬ ಸೂಚನೆ) ಬಂದಿದೆ ಎಂದು ತಿಳಿಸಿದರು. ಮೈಮೇಲೆ ಹುಣ್ಣಾಗಲಿ ಗುಳ್ಳೆಯಾಗಲಿ ಇಲ್ಲ. ಆದರೂ ಈ ರೋಗ ಲಕ್ಷಣವಿಲ್ಲದೆ ವರ್ಷಗಟ್ಟಲೆ ಅಡಗಿರಬಲ್ಲದೆಂದೂ, ಬೇರೆ ಕಾರಣಗಳಿಂದಲೂ ವಿಡಿಆರ್‌ಎಲ್ ರಿಯಾಕ್ಟಿವ್ ಆಗಬಹುದಾದ್ದರಿಂದ ಟಿಪಿಎಚ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕೆಂದೂ ಅಲ್ಲಿನ ಆಪ್ತಸಮಾಲೋಚಕರು ವಿವರಿಸಿದರು. ನಾನು ಹೋದ ಲ್ಯಾಬಿನಲ್ಲಿ ಕೌಂಟರಿನವರು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಪರೀಕ್ಷೆಯ ಹೆಸರನ್ನು ಓದಿದ್ದರಿಂದ, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ವಾಪಸಾದೆ. ನನ್ನ ಪತ್ನಿ ಈಗ ಐದು ತಿಂಗಳ ಗರ್ಭಿಣಿ. ಸೋಂಕು ಮಗುವಿಗೂ ದಾಟಬಲ್ಲದಾದ್ದರಿಂದ ಇನ್ನು ತಡಮಾಡುವಂತಿಲ್ಲ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ (ಲೈಂಗಿಕ ಸೋಂಕುಗಳ ಚಿಕಿತ್ಸಾ ವಿಭಾಗ) ದಂಪತಿ ಒಟ್ಟಿಗೆ ಹೋಗಿ ಗೋಪ್ಯವಾಗಿ ಪರೀಕ್ಷೆ ಮಾಡಿಸಿಕೊಂಡವರಿದ್ದರೆ, ಯಾವ ಹೊತ್ತಿಗೆ ಹೋಗಬೇಕು, ತಾಯಿ ಕಾರ್ಡ್ ಒಯ್ಯಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ. ಖಾಸಗಿ ಸಂದೇಶ ಕಳಿಸಿದರೂ ಸರಿ.