ಫ್ರಾಗ್ ಲೂರ್‌ಗೆ ಬಾಸ್ ಬದಲು ಅಲಿಗೇಟರ್ ಬೀಳುತ್ತಿದೆ, ಏನು ಮಾಡಲಿ?

ತುಂಗೆಯ ಗಾಳ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಫ್ಲಾರಿಡಾದ ಕಿಸಿಮ್ಮಿ ಹತ್ತಿರ. ಮನೆ ಪಕ್ಕದ ಕೊಳದಲ್ಲಿ, ರಜೆಯಿದ್ದರೆ ಟೋಹೋ ಕೆರೆ ದಂಡೆಯಲ್ಲಿ ಲಾರ್ಜ್‌ಮೌತ್ ಬಾಸ್ ಮೀನಿಗೆ ಗಾಳ ಹಾಕುತ್ತೇನೆ. ಮೇ ಶುರುವಾದ ಮೇಲೆ ಒಂದೇ ತೊಂದರೆ. ನೈದಿಲೆ ಎಲೆಗಳ ಮೇಲೆ ಫ್ರಾಗ್ ಲೂರ್ (ಕಪ್ಪೆಯಾಕಾರದ ನಕಲಿ ಎರೆ) ಎಳೆದುಕೊಂಡು ಬಂದರೆ ಸಾಕು, ಗೇಟರ್, ಅಂದರೆ ಇಲ್ಲಿನ ಮೊಸಳೆಯಂಥ ಅಲಿಗೇಟರ್, ಹಿಂದೆಯೇ ಬರುತ್ತದೆ. ನಿನ್ನೆ ಸಂಜೆ ಒಂದು ಹಿಡಿದೇಬಿಟ್ಟಿತು. ನಾಲ್ಕೈದು ಅಡಿ ಇರಬಹುದು. ರಾಡ್ ಎತ್ತಿ ಎಳೆದ ತಕ್ಷಣ ನೀರಿನಲ್ಲಿ ಗಿರಗಿರನೆ ಉರುಳಿತು. ದಾರವೆಲ್ಲ ಮೈಗೆ ಸುತ್ತಿಕೊಂಡು ಕೊನೆಗೆ ಕಟ್ ಆಯಿತು. ಅದಕ್ಕೇನಾಯಿತೋ ಅಂತ ರಾತ್ರಿಯೆಲ್ಲ ಯೋಚನೆ. ಊರಿನಿಂದ ಅಪ್ಪ ಬೇರೆ ಬಂದಿದ್ದಾರೆ. ಅವರು ನೀರಿನ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು ಗಾಳ ಹಾಕುವವರು. ಏನು ಬದಲಾಯಿಸಲಿ?

ಒಕಾಲಾ ವಾಸಿ:
ಸರ್, ದಾರ ಎಷ್ಟು ಪೌಂಡ್ ಎಳೆತ ತಡೆಯುವಂಥದ್ದು? ತುದಿಯಲ್ಲಿ ಬೇರೆ ತುಂಡು ದಾರ, ಅಂದರೆ ಲೀಡರ್, ಇದೆಯಾ? ಎಷ್ಟು ಹೊತ್ತಿಗೆ ಹೋಗುತ್ತೀರಿ? ಆ ಕೊಳಕ್ಕೆ ಯಾರಾದರೂ ತಿನ್ನೋದಕ್ಕೆ ಏನಾದರೂ ಎಸೆಯುತ್ತಾರಾ? ಇದು ಮುಖ್ಯ.

ತುಂಗೆಯ ಗಾಳ:
65 ಪೌಂಡ್ ಬ್ರೇಡ್ (ಹೆಣೆದ ದಾರ), ಲೀಡರ್ ಇಲ್ಲ, ನೇರವಾಗಿ ಲೂರ್‌ಗೇ ಗಂಟು. ಆಫೀಸ್ ಮುಗಿಸಿ ಹೋಗುವುದರಿಂದ ಕತ್ತಲಾಗುವವರೆಗೂ ಇರುತ್ತೇನೆ. ಮಕ್ಕಳು ಬಾತುಕೋಳಿಗಳಿಗೆ ಬ್ರೆಡ್ ಹಾಕುತ್ತಾರೆ. ಕೆಲವರು ಮೀನು ಹೆಚ್ಚಿ ತಲೆ, ಕರುಳನ್ನು ಅಲ್ಲೇ ಎಸೆದು ಹೋಗುತ್ತಾರೆ. ಈಗ ಲೂರ್ ಬಿದ್ದ ಸದ್ದಿಗೇ ಗೇಟರ್ ಈಜಿಕೊಂಡು ಬರುತ್ತದೆ.

ಒಕಾಲಾ ವಾಸಿ:
ಹಾಗಾದರೆ ಕಾರಣ ಸಿಕ್ಕಿತು. ಅದು ಸುಮ್ನೆ ಬರುತ್ತಿಲ್ಲ. ಮನುಷ್ಯ ನಿಂತ ಕಡೆ ‘ಪಚಕ್’ ಅಂದರೆ ಊಟ ಅಂತ ಕಲಿತಿದೆ.

ಮೊದಲು, ಕಚ್ಚಿದ ಕ್ಷಣದಲ್ಲಿ ಏನು ಮಾಡಬೇಕು ಅಂತ ಹೇಳುತ್ತೇನೆ. ರಾಡ್ ಎತ್ತಬೇಡಿ. ರೀಲಿನ ಗುಂಡಿ ಒತ್ತಿ ದಾರ ಪೂರ್ತಿ ಸಡಿಲ ಬಿಡಿ. ಫ್ರಾಗ್ ಲೂರ್‌ನ ಎರಡು ಕೊಕ್ಕೆಗಳ ಮೊನೆ ಮೆತ್ತನೆಯ ಮೈಗೆ ಒರಗಿಕೊಂಡಿರುತ್ತವೆ, ನೋಡಿದ್ದೀರಲ್ವಾ? ನೀವು ಜಗ್ಗಿದಾಗಲೇ ಅವು ಸರಿಯಾಗಿ ನಾಟುವುದು. ಜಗ್ಗದಿದ್ದರೆ ಎಷ್ಟೋ ಸಲ ಗೇಟರ್ ಅದನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತದೆ ಅಷ್ಟೆ. ಎಳೆತ ನಿಂತರೆ, ರಬ್ಬರಿನಲ್ಲಿ ರುಚಿಯಿಲ್ಲ ಅಂತ ತಾನೇ ಉಗುಳುತ್ತದೆ. ಎಳೆದಷ್ಟೂ ದವಡೆ ಬಿಗಿ ಮಾಡಿ ಉರುಳುತ್ತದೆ. ನಿಮಗೆ ಆದದ್ದು ಅದೇ.

ಕಚ್ಚುವ ಮೊದಲೇ ತಪ್ಪಿಸಲು ಕಣ್ಣು ಮುಖ್ಯ. ಬಾಸ್ ಕೆಳಗಿನಿಂದ ಬಂದು ಒಮ್ಮೆಗೇ ನೀರು ಸಿಡಿಸುತ್ತದೆ. ಗೇಟರ್ ಬರುವುದು ಮೇಲ್ಮೈಯಲ್ಲಿ. ಎರಡು ಕಣ್ಣಿನ ಉಬ್ಬು, ಮುಂದೆ ಮೂಗಿನ ಉಬ್ಬು, ಹಿಂದೆ ಅಗಲವಾಗುತ್ತಾ ಹೋಗುವ ಅಲೆ. ಕಣ್ಣಿಗೂ ಮೂಗಿಗೂ ಎಷ್ಟು ಇಂಚಿದೆಯೋ ಸುಮಾರು ಅಷ್ಟು ಅಡಿ ಉದ್ದದ ಪ್ರಾಣಿ ಅಂದುಕೊಳ್ಳಿ. ಉಬ್ಬು ನಿಮ್ಮ ಲೂರ್ ಕಡೆ ತಿರುಗಿತು ಅಂದರೆ ಬೇಗ ಸುತ್ತಿ ಎತ್ತಿಬಿಡಿ, ಆ ಜಾಗ ಬಿಡಿ. ಇನ್ನೊಂದು ಕಡೆ ಎಸೆದು ನೋಡೋಣ ಅನ್ನಬೇಡಿ.

ಸಡಿಲ ಬಿಟ್ಟರೂ ಬಿಡಲಿಲ್ಲ ಅಂದರೆ ಲೂರ್ ಆಸೆ ಬಿಡಿ. ಇಲ್ಲಿ ನಿಮ್ಮ 65 ಪೌಂಡ್ ಬ್ರೇಡ್ ಕಷ್ಟ ಕೊಡುತ್ತದೆ. ಎಲ್ಲೆಲ್ಲೋ ಕಟ್ ಆಗಿ ಉದ್ದ ದಾರ ಪ್ರಾಣಿಯ ಕಾಲಿಗೆ, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಅದೇ ದಾರ ಬೆಳ್ಳಕ್ಕಿಗೂ ಆಮೆಗೂ ಉರುಳು. ಬ್ರೇಡ್ ತುದಿಗೆ ಎರಡಡಿ 20 ಪೌಂಡ್ ಮಾನೋ (ಒಂಟಿ ಎಳೆಯ ನೈಲಾನ್) ಲೀಡರ್ ಕಟ್ಟಿ. ಮಾನೋ ಬೇಗ ಮುಳುಗುವುದಿಲ್ಲ, ಫ್ರಾಗ್‌ಗೆ ಅಡ್ಡಿಯಿಲ್ಲ. ಡ್ರ್ಯಾಗ್ (ರೀಲಿನಿಂದ ದಾರ ಬಿಚ್ಚಿಕೊಳ್ಳದಂತೆ ತಡೆಯುವ ಬ್ರೇಕ್) ಬಿಗಿ ಮಾಡಿ, ರಾಡ್ ನೇರ ಅದರ ಕಡೆ ತೋರಿಸಿ ಹಿಂದೆ ಹಿಂದೆ ನಡೆದರೆ ಲೀಡರ್ ಮೊದಲು ಹರಿಯುತ್ತದೆ, ಬ್ರೇಡ್ ನಿಮ್ಮ ಹತ್ತಿರವೇ ಉಳಿಯುತ್ತದೆ. ದಾರವನ್ನು ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ, ಬೆರಳೇ ಹೋಗುತ್ತದೆ. ದಟ್ಟ ಎಲೆಗಳ ನಡುವೆ ದೊಡ್ಡ ಬಾಸ್ ಬಿದ್ದರೆ 20 ಪೌಂಡ್ ಸಾಲದು, ಒಪ್ಪುತ್ತೇನೆ. ಆದರೆ ಗೇಟರ್ ಇರುವ ನೀರಿನಲ್ಲಿ ಒಂದೆರಡು ಬಾಸ್ ಹೋದರೂ ಪರವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಾಟಿದರೂ ಸುಲಭವಾಗಿ ಕಳಚುವಂತೆ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಚಿಬಿಡಿ. ದಾರ ಬಿಗಿ ಇರುವವರೆಗೆ ಬಾಸ್ ಬಿಡಿಸಿಕೊಳ್ಳುವುದು ಕಡಿಮೆ.

ಕೊಕ್ಕೆಹುಳ:
ಅಣ್ಣಾ, ಎರಡಡಿ ಮರಿಯಾದರೆ ದಡಕ್ಕೆ ಎಳೆದು, ಬಾಯಿಗೆ ಟೇಪ್ ಸುತ್ತಿ ಲೂರ್ ತೆಗೆದು ಬಿಡಬಹುದಲ್ವಾ? ವಿಡಿಯೊಗಳಲ್ಲಿ ಹಾಗೇ ಮಾಡುತ್ತಾರೆ. ಪ್ರಾಣಿಗೂ ಒಳ್ಳೆಯದು.

ಒಕಾಲಾ ವಾಸಿ:
ಖಂಡಿತ ಬೇಡ ತಮ್ಮಾ. ಮರಿ ಒಂದೆರಡು ವರ್ಷ ತಾಯಿಯ ಆಸುಪಾಸಿನಲ್ಲೇ ಇರುತ್ತದೆ. ಹಿಡಿದರೆ ಕೂಗುತ್ತದೆ, ಆ ಕೂಗಿಗೆ ತಾಯಿ ಬರುತ್ತಾಳೆ. ನೀನು ಬಗ್ಗಿ ಕೂತಿರುತ್ತೀಯ, ಬೆನ್ನು ನೀರಿನ ಕಡೆ. ಅದೂ ಅಲ್ಲದೆ ಪರ್ಮಿಟ್ ಇಲ್ಲದೆ ಗೇಟರ್ ಹಿಡಿಯುವುದು ಫ್ಲಾರಿಡಾದಲ್ಲಿ ಫೆಲೊನಿ, ಅಂದರೆ ಗಂಭೀರ ಅಪರಾಧ. ವೀಸಾ ಮೇಲಿರುವವರಿಗೆ ಅದೊಂದು ಸಾಕು, ಇಲ್ಲಿನ ಬದುಕೇ ಮುಗಿಯುತ್ತದೆ.

ಸರ್, ನಿಮ್ಮ ಕೊಳದ ವಿಷಯಕ್ಕೆ ಬರುತ್ತೇನೆ. ಮನುಷ್ಯರ ಹತ್ತಿರ ಬರುವುದು ರೂಢಿಯಾದ, ನಾಲ್ಕಡಿ ದಾಟಿದ ಗೇಟರ್ ಬಗ್ಗೆ 866-392-4286ಕ್ಕೆ ಫೋನ್ ಮಾಡಬಹುದು. ಅದು ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ನಂಬರ್. ಗುತ್ತಿಗೆಯ ಹಿಡಿಯುವವರು ಬರುತ್ತಾರೆ. ಆದರೆ ಹಾಗೆ ಹಿಡಿದದ್ದನ್ನು ಬೇರೆ ಕೆರೆಗೆ ಬಿಡುವುದಿಲ್ಲ, ಸಾಮಾನ್ಯವಾಗಿ ಕೊಲ್ಲುತ್ತಾರೆ. ಹಾಗಾಗಿ ಆ ಮೀನಿನ ತಲೆ ಎಸೆಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಗೇಟರ್‌ಗೆ ತಿನ್ನಿಸುವುದು ಕಾನೂನಿಗೂ ವಿರುದ್ಧ. 1967ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿ, 1987ರಲ್ಲಿ ಚೇತರಿಸಿಕೊಂಡಿದೆ ಅನ್ನಿಸಿಕೊಂಡ ಪ್ರಾಣಿ ಇದು. ಈಗ ಈ ರಾಜ್ಯವೊಂದರಲ್ಲೇ ಸುಮಾರು 13 ಲಕ್ಷ ಇವೆ. ಅದನ್ನು ಹಾಳು ಮಾಡುತ್ತಿರುವುದು ನಮ್ಮ ಕಸ. ಅಪಾರ್ಟ್‌ಮೆಂಟ್ ಆಫೀಸಿಗೆ ಹೇಳಿ ಒಂದು ಬೋರ್ಡ್ ಹಾಕಿಸಿ. ಮಕ್ಕಳ ತಾಯಂದಿರಿಗೂ ಹೇಳಿ.

ಸಂಜೆ ಬಿಟ್ಟು ಬೆಳಗ್ಗೆ ಬಿಸಿಲೇರಿದ ಮೇಲೆ ಹೋಗಿ. ಕತ್ತಲಿನಲ್ಲಿ ಅವು ಜಾಸ್ತಿ ಓಡಾಡುತ್ತವೆ. ಮೇ, ಜೂನ್ ಕೂಡುವ ಕಾಲ, ಆಗ ಇನ್ನೂ ಚುರುಕು. ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ತಿನ್ನುವುದನ್ನೇ ನಿಲ್ಲಿಸುತ್ತವೆ. ಫ್ರಾಗ್, ಪಾಪರ್‌ನಂಥ ಮೇಲ್ಮೈ ಲೂರ್‌ಗಳನ್ನು ಆ ಚಳಿಗಾಲಕ್ಕೆ ಎತ್ತಿಡಿ. ಈಗ ಟೆಕ್ಸಸ್ ರಿಗ್‌ನಲ್ಲಿ (ಕೊಕ್ಕೆಯ ಮೊನೆಯನ್ನು ಹುಳುವಿನೊಳಗೇ ಅಡಗಿಸುವ ಕಟ್ಟು) ಪ್ಲಾಸ್ಟಿಕ್ ಹುಳು ಕಟ್ಟಿ ತಳದಲ್ಲಿ ನಿಧಾನಕ್ಕೆ ಎಳೆಯಿರಿ. ನೀರು ಸಿಡಿಯುವುದಿಲ್ಲ, ಗೇಟರ್‌ಗೆ ಸುಳಿವು ಸಿಗುವುದು ಕಡಿಮೆ.

ತುಂಗೆಯ ಗಾಳ:
ಈ ಶನಿವಾರ ಬೆಳಗ್ಗೆ ಟೋಹೋಗೆ ಹೋಗಿ ಹುಳು ಹಾಕಿದೆ. ಒಂದು ಗೇಟರ್ ದೂರದಲ್ಲಿ ತಲೆ ಎತ್ತಿತ್ತು, ಹತ್ತಿರ ಬರಲಿಲ್ಲ. ಎರಡು ಬಾಸ್ ಸಿಕ್ಕವು. ಅಪ್ಪ ಮೀನನ್ನು ಹಗ್ಗಕ್ಕೆ ಪೋಣಿಸಿ ನೀರಲ್ಲೇ ಇಡೋಣ ಅನ್ನುತ್ತಾರೆ, ಊರಲ್ಲಿ ಹಾಗೇ ರೂಢಿ. ಇಡಬಹುದಾ?

ಒಕಾಲಾ ವಾಸಿ:
ಬೇಡ ಸರ್, ಒದ್ದಾಡುವ ಮೀನಿಗೆ ಗೇಟರ್ ನೇರವಾಗಿ ಅಪ್ಪನ ಕಾಲ ಬುಡಕ್ಕೇ ಬರುತ್ತದೆ. ಐಸ್ ಬಾಕ್ಸ್ ಒಯ್ಯಿರಿ, ಮೀನು ಮನೆಯಲ್ಲೇ ಹೆಚ್ಚಿ. ಅವರಿಗೊಂದು ಕುರ್ಚಿ ಹಾಕಿ ಅಂಚಿನಿಂದ ಹತ್ತು ಹದಿನೈದು ಅಡಿ ಹಿಂದೆ ಕೂರಿಸಿ, ರಾಡ್ ಉದ್ದ ಇದ್ದರೆ ಅಲ್ಲಿಂದಲೂ ಎಸೆಯಬಹುದು. ಅವರಿಗೆ ಲೈಸೆನ್ಸ್ ಮಾಡಿಸಿದ್ದೀರಾ? 65 ದಾಟಿದವರಿಗೆ ವಿನಾಯಿತಿ ಇರುವುದು ಫ್ಲಾರಿಡಾ ನಿವಾಸಿಗಳಿಗೆ ಮಾತ್ರ. ಹೊರಗಿನಿಂದ ಬಂದವರಿಗೆ ಮೂರು ದಿನದ್ದು, ಏಳು ದಿನದ್ದು ಸಿಗುತ್ತದೆ, ಆನ್‌ಲೈನಲ್ಲೇ ತೆಗೆದುಕೊಳ್ಳಿ.