ವಿಶೇಷ ಶುಶ್ರೂಷಾ ಶಿಕ್ಷಣದ ಮಾನದಂಡಗಳು: ‘ಒಮ್ಮತ’ವೋ ‘ಸಹಮತ’ವೋ?

ಬಲ್ಲವರಿಗೆ ನಮಸ್ಕಾರ.

ತೀವ್ರ ನಿಗಾ ಘಟಕದ ನರ್ಸ್‌ಗಳ ವಿಶೇಷ ಶಿಕ್ಷಣಕ್ಕೆ ಮಾನದಂಡಗಳನ್ನು ಗೊತ್ತುಪಡಿಸಲು ಬಳಸುವ ಡೆಲ್ಫಿ ವಿಧಾನವನ್ನು ಬೆಳಗಾವಿಯ ನರ್ಸ್‌ಗಳಿಗೆ ಕನ್ನಡದಲ್ಲಿ ತಿಳಿಸುವ ಕೈಪಿಡಿಯನ್ನು ಬರೆಯುತ್ತಿದ್ದು, ಅದರ ಮುಖ್ಯ ಪದವಾದ ‘ಕನ್ಸೆನ್ಸಸ್’ಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಬಗ್ಗೆಯೇ ನಿಮ್ಮ ಅಭಿಪ್ರಾಯವನ್ನು ಕೋರುತ್ತೇನೆ.

1950ರ ದಶಕದಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿ ರೂಪುಗೊಂಡ ಈ ವಿಧಾನದಲ್ಲಿ ತಜ್ಞರು ಒಂದೆಡೆ ಸೇರಬೇಕಾಗಿಲ್ಲ. ‘ವೆಂಟಿಲೇಟರ್ ಮೇಲಿರುವ ರೋಗಿಯ ಕಫ ಹೀರಿ ತೆಗೆಯುವ ಕೌಶಲವನ್ನು ಹಾಸಿಗೆಯ ಬಳಿಯೇ ಪರೀಕ್ಷಿಸಬೇಕು’ ಎಂಬಂಥ ಹೇಳಿಕೆಗಳಿಗೆ ಪ್ರತಿಯೊಬ್ಬರೂ, ಉಳಿದವರಿಗೆ ತಮ್ಮ ಹೆಸರು ತಿಳಿಯದಂತೆ, ಅಂಕ ಕೊಡುತ್ತಾರೆ. ಗುಂಪಿನ ಅಂಕಗಳು ಹೇಗೆ ಹಂಚಿಹೋಗಿವೆ ಎಂಬುದನ್ನು ನೋಡಿದ ಮೇಲೆ ಮುಂದಿನ ಸುತ್ತಿನಲ್ಲಿ ತಮ್ಮ ಅಂಕವನ್ನು ಬದಲಿಸಬಹುದು, ಹಾಗೆಯೇ ಉಳಿಸಿಕೊಳ್ಳಲೂಬಹುದು. ಉದಾಹರಣೆಗೆ, ಶೇ. 75 ಅಥವಾ 80ರಷ್ಟು ಮಂದಿ ಒಪ್ಪಿದರೆ ಆ ಹೇಳಿಕೆಯನ್ನು ಸ್ವೀಕರಿಸಲಾಗುವುದೆಂದು ಅಧ್ಯಯನ ನಡೆಸುವವರು ಮೊದಲೇ ಮಿತಿ ಹಾಕಿಕೊಂಡಿರುತ್ತಾರೆ.

ಹೀಗೆ ಮೂಡುವ ಒಪ್ಪಿಗೆಗೆ ರೂಢಿಯಲ್ಲಿರುವ ಪದ ‘ಒಮ್ಮತ’. ಎಲ್ಲರ ಮತವೂ ಒಂದೇ ಆಯಿತೆಂಬ ಧ್ವನಿ ಇದರಲ್ಲಿರುವುದರಿಂದ ‘ಶೇ. 80ರಷ್ಟು ಒಮ್ಮತ’ ಎಂದು ಬರೆಯಲು ನನಗೆ ಮನಸ್ಸೊಪ್ಪುವುದಿಲ್ಲ. ‘ಸರ್ವಾನುಮತ’ ಇನ್ನೂ ದೂರದ್ದು. ‘ಬಹುಮತ’ವೆಂದರೆ ಅರ್ಧವನ್ನು ದಾಟಿದರೆ ಸಾಕೆಂದಾಗುತ್ತದೆ. ಇದನ್ನು ಕೇವಲ ಪದದ ಪ್ರಶ್ನೆಯೆಂದು ನಾನು ಭಾವಿಸಿಲ್ಲ. ‘ಒಮ್ಮತಕ್ಕೆ ಬರಬೇಕು’ ಎಂದು ಓದಿದ, ಅಂಕ ಕೊಡುವವರ ಗುಂಪಿನಲ್ಲಿರುವ ಕಿರಿಯ ನರ್ಸ್ ಎರಡನೆಯ ಸುತ್ತಿನಲ್ಲಿ ತನ್ನ ಅನುಭವವನ್ನು ಬದಿಗಿಟ್ಟು ಹೆಚ್ಚಿನವರ ಕಡೆಗೆ ವಾಲಿದರೆ ವಿಧಾನದ ಉದ್ದೇಶವೇ ಕೆಡುತ್ತದೆ. ರಾತ್ರಿಪಾಳಿಯಲ್ಲಿ ರೋಗಿಯ ಪಕ್ಕದಲ್ಲಿರುವವಳ ಆ ಭಿನ್ನ ಅಂಕವೇ ಪಠ್ಯಕ್ರಮದ ಕೊರತೆಯನ್ನು ತೋರಿಸಬಲ್ಲದು.

ನಮ್ಮ ಭಾಗದಲ್ಲಿ ಊರ ಹಿರಿಯರು ಸೇರಿ ತೀರ್ಮಾನಿಸುವುದಕ್ಕೆ ‘ದೈವ ಕೂಡುವುದು’ ಎಂಬ ಒಳ್ಳೆಯ ಮಾತಿದೆ. ಆದರೆ ಅಲ್ಲಿ ಎದುರೆದುರು ಕುಳಿತು ಮಾತನಾಡುತ್ತಾರೆ, ಹಿರಿಯರ ಮಾತಿಗೆ ತೂಕ ಹೆಚ್ಚು. ಡೆಲ್ಫಿಯಲ್ಲಿ ಹೆಸರನ್ನು ಮರೆಮಾಡುವುದು ಆ ತೂಕ ಬೀಳದಿರಲೆಂದೇ. ಎಲ್ಲರೂ ಒಂದೆಡೆ ಕೂಡುವ ನಾಮಿನಲ್ ಗ್ರೂಪ್ ವಿಧಾನದಲ್ಲಿಯೂ ಮೊದಲು ಮೌನವಾಗಿ ಬರೆದು, ಸರದಿಯಂತೆ ಹೇಳಿ, ಚರ್ಚಿಸಿದ ನಂತರ ಪ್ರತಿಯೊಬ್ಬರೂ ಬೇರೆಬೇರೆಯಾಗಿಯೇ ಅಂಕ ಕೊಡುತ್ತಾರೆ.

ಆದ್ದರಿಂದ ಒಬ್ಬೊಬ್ಬರದಕ್ಕೆ ‘ಒಪ್ಪಿಗೆ’, ಗುಂಪಿನದಕ್ಕೆ ‘ಸಹಮತ’, ಮೊದಲೇ ಗೊತ್ತುಮಾಡಿದ ಶೇಕಡಾವಾರಿಗೆ ‘ಸಹಮತದ ಮಿತಿ’ ಎಂದು ಬಳಸಬೇಕೆಂದಿದ್ದೇನೆ. ‘ಇದಕ್ಕೆ ನನ್ನ ಸಹಮತವಿದೆ’ ಎಂದು ಒಬ್ಬರೇ ಹೇಳುವ ರೂಢಿಯೂ ಇರುವುದರಿಂದ ಈ ವಿಂಗಡಣೆ ಓದುಗರಿಗೆ ಸ್ಪಷ್ಟವಾದೀತೇ, ಅಥವಾ ಮಿತಿಯನ್ನು ವಿವರಿಸಿ ‘ಒಮ್ಮತ’ವನ್ನೇ ಉಳಿಸಿಕೊಳ್ಳುವುದು ಲೇಸೇ ಎಂಬುದನ್ನು ದಯವಿಟ್ಟು ತಿಳಿಸಿರಿ.